ಗುಬ್ಬಿ ಕಾಯಲು ತಂದ ಡ್ರೋನ್

ಮೊಮ್ಮಕ್ಕಳೇ, ನಿಮ್ಮಪ್ಪನ ಟೋಪಿ ಹೊಲದಲ್ಲಿ ಹಾರಿಹೋದ ಕಥೆಯನ್ನು ಅವರು ನಿಮಗೆ ಹತ್ತು ಸಲ ಹೇಳಿದ್ದಾರೆ. ಪ್ರತಿ ಸಲವೂ ಅದರಲ್ಲಿ ಅವರೇ ಶೂರರು. ಆದ್ದರಿಂದ ನಡೆದದ್ದನ್ನು ನಾನೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆ. ಅಕ್ಷರ ನೋಡಿ ನಗಬೇಡಿ, ನಗುವುದಕ್ಕೆ ಮುಂದೆ ಬೇರೆ ಜಾಗವಿದೆ.

ಮಸ್ಕಿ ಹತ್ತಿರದ ನಮ್ಮ ಎರಡೆಕರೆ ಎರೆಹೊಲದಲ್ಲಿ ನಿಮ್ಮಜ್ಜ ಇರುವ ತನಕ ಬಿಳಿಜೋಳ ತಪ್ಪಿರಲಿಲ್ಲ. ತೆನೆಗೆ ಹಾಲು ತುಂಬುವ ಹೊತ್ತಿಗೆ ಅವರು ಹೊಲದ ಒಂದು ತುದಿಗೆ ಅಟ್ಟ ಕಟ್ಟಿ, ಮೇಲೆ ನಿಂತು ‘ಹೋ... ಹೊಯ್!’ ಎಂದು ಕೂಗಿದರೆ ಗುಬ್ಬಿಯ ಹಿಂಡು ಪಕ್ಕದೂರಿಗೆ ಹೋಗಿ ಇಳಿಯುತ್ತಿತ್ತು. ಅವರು ಹೋದ ಮೇಲೆ ಅಟ್ಟ ಏರುವ ಕೆಲಸ ನನ್ನದಾಯಿತು. ಏರಿದೆ, ಬಾಯಿ ತೆರೆದೆ. ದನಿ ಗಂಟಲಲ್ಲೇ ಕುಳಿತುಬಿಟ್ಟಿತು. ನಾನು ಎಂಥವಳೆಂದರೆ, ಬಸ್ಸಿನಲ್ಲಿ ‘ನಿಲ್ಲಿಸ್ರಿ’ ಎನ್ನಲು ನಾಚಿ, ಮುಂದಿನ ಊರಲ್ಲಿ ಇಳಿದು ನಡೆದು ಬಂದವಳು.

ಪಕ್ಕದ ಹೊಲ ನನ್ನ ನೆಗೆಣ್ಣಿಯದು, ನಿಮ್ಮಜ್ಜನ ಅಣ್ಣನ ಹೆಂಡತಿ. ನಾನು ಅವಳಿಗೆ ಅಕ್ಕ ಎನ್ನುತ್ತೇನೆ. ಅವಳು ಮನೆಯಲ್ಲಿ ಉಪ್ಪು ಕೇಳಿದರೆ ಊರೆಲ್ಲ ಉಪ್ಪು ತರುತ್ತದೆ, ಅಂಥ ಗಂಟಲು. ಅಟ್ಟದ ಮೇಲೆ ನನ್ನ ‘ಹುಶ್ ಹುಶ್’ ಕೇಳಿ ಅವಳು ಬದುವಿನ ಮೇಲೇ ಕುಳಿತು ನಕ್ಕಳು.

“ನೀ ಕೂಗಿದ್ರ ಗುಬ್ಬಿ ಹತ್ರ ಬಂದು ‘ಏನಂದಿ ಯವ್ವಾ, ಕೇಳಸ್ಲಿಲ್ಲ’ ಅಂತಾವ ನೋಡು!”

ಆ ವರ್ಷ ಅರ್ಧ ಜೋಳ ಗುಬ್ಬಿಯ ಪಾಲಾಯಿತು. ಹಸಿ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಸೀತನಿ ತಿನ್ನಲೆಂದು ನೀವು ಬಂದಾಗ ನಿಮ್ಮಿಬ್ಬರ ಕೈಗೂ ಒಂದೊಂದೇ ಹಿಡಿ ಬಂತು. ಆಮೇಲೆ ನೆಗೆಣ್ಣಿ ತೀರ್ಪು ಕೊಟ್ಟಳು. “ಇನ್ನೊಂದು ವರ್ಷ ನೋಡೂನು. ಮತ್ತ ಹಿಂಗ ಆದ್ರ ನಿನ್ನ ಹೊಲಕ್ಕ ಹತ್ತಿನ ಹಾಕೂನು. ಹತ್ತಿ ಗುಬ್ಬಿ ತಿನ್ನಂಗಿಲ್ಲ.”

ನಾನು ಹ್ಞೂಂ ಎಂದೆ. ಹತ್ತಿಯನ್ನು ಮೊಮ್ಮಕ್ಕಳೂ ತಿನ್ನುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ದಾರಿ ಸಿಕ್ಕಿದ್ದು ಮಸ್ಕಿಯ ಒಂದು ಮದುವೆಯಲ್ಲಿ. ಫೋಟೋದವನು ನಾಲ್ಕು ರೆಕ್ಕೆಯ ಡ್ರೋನ್ ಹಾರಿಸಿದ. ಜನ ಅಕ್ಷತೆ ಹಾಕುವುದು ಬಿಟ್ಟು ಮೇಲೆ ನೋಡಿದರು. ನಾನು ನೋಡಿದ್ದು ಬೇರೆ. ಕಲ್ಯಾಣ ಮಂಟಪದ ಗೋಡೆಯ ಮೇಲಿದ್ದ ಪಾರಿವಾಳಗಳೆಲ್ಲ ಭರ್ರೆಂದು ಎದ್ದು ಹೋದವು. ಯಾರೂ ಕೂಗಿರಲಿಲ್ಲ!

ನಿಮ್ಮ ವಸತಿ ಶಾಲೆಗೆ ಉಂಡಿ ಕೊಡಲು ನಾನೂ ನನ್ನ ಮಗಳು ನಿಮ್ಮವ್ವನೂ ಸಿಂಧನೂರಿಗೆ ಬಂದಿದ್ದೆವು, ನೆನಪಿದೆಯೇ? ಉಂಡಿ ನೆಪ. ನಾವು ಬಂದದ್ದು ಡ್ರೋನ್ ಅಂಗಡಿಗೆ. ಅಂಗಡಿಯವನು ಮೊದಲು ದೊಡ್ಡದನ್ನು ತೆಗೆದ. ಮಡಚಬಹುದು, ಕ್ಯಾಮೆರಾ ಇದೆ, ನೋಡಲು ಚಂದ. ನಾನು ಅದರ ಬೆನ್ನಿನ ಮೇಲೆ ಬೆರಳಿನಿಂದ ಎರಡು ಸಲ ಬಡಿದು ಕಿವಿಗೊಟ್ಟೆ.

“ಅವ್ವಾರ, ಅದು ಗಡಿಗಿ ಅಲ್ರೀ, ಬಡದು ನೋಡಾಕ!” ಎಂದ ಅವನು. “ಯಾರಿಗ್ರೀ, ಮೊಮ್ಮಕ್ಕಳಿಗೇನು?”

ನಾನು ತಲೆಯಾಡಿಸಿದೆ. ದೇವರು ಕ್ಷಮಿಸಲಿ. ನಿಮ್ಮವ್ವ ಮಾತ್ರ ನಗು ತಡೆಯಲಾಗದೆ ಬಾಗಿಲಿಗೆ ಹೋಗಿ ನಿಂತಳು.

ಅವನು ಒಳ್ಳೆಯವನು, ದೊಡ್ಡದನ್ನು ತಾನೇ ಒಳಗಿಟ್ಟ. “ಹೊಸದಾಗಿ ಕಲಿಯೋರಿಗೆ ಇದು ಬ್ಯಾಡ್ರೀ. ಮೊದಲ ಡ್ರೋನ್ ಅಂದ್ರ ಬೀಳಾಕ ಇರೋದು. ಕಾಲು ಕಿಲೋದೊಳಗ ಇರ್ಲಿ, ಕಾಗದಪತ್ರದ ಕಿರಿಕಿರಿ ಕಡಿಮಿ. ರೆಕ್ಕಿಗೆ ಸುತ್ತ ಬಳಿ ಇರ್ಲಿ, ಬಡದ್ರೂ ಮುರಿಯಂಗಿಲ್ಲ. ಕೈ ತಗದ್ರ ತಾನ ಗಾಳ್ಯಾಗ ನಿಂದರಬೇಕು. ಬ್ಯಾಟರಿ ಎರಡು ಜಾಸ್ತಿ ಒಯ್ರಿ, ಒಂದು ಹತ್ತು ನಿಮಿಷದಾಗ ಮುಗೀತೈತಿ.” ನಾನು ನಿಮ್ಮವ್ವನ ಕಿವಿಯಲ್ಲಿ ಬಣ್ಣ ಕೆಂಪು ಇರಲಿ ಎಂದೆ. ಜೋಳದಲ್ಲಿ ಬಿದ್ದರೆ ಹುಡುಕಲು. ಅಂಗಡಿಯವನು ಅದನ್ನು ಕೇಳಿ, ಇಷ್ಟು ದಿನ ಯಾರೂ ಇಷ್ಟು ಶಾಣ್ಯಾತನದ ಮಾತು ಆಡಿರಲಿಲ್ಲ ಎಂದ. ನಾನು ಊರು ಮುಟ್ಟುವ ತನಕ ಸೆರಗಿನೊಳಗೇ ಹಿಗ್ಗಿದೆ.

ಕಲಿಸುವವರು ಯಾರು? ಡ್ರೋನ್ ಗೊತ್ತಿದ್ದವರು ನಮ್ಮಲ್ಲಿ ಒಬ್ಬರೇ, ಲಿಂಗಸುಗೂರಿನಲ್ಲಿ ಮಾಸ್ತರಾಗಿರುವ ನಿಮ್ಮಪ್ಪ. ತೊಡಕು ಬಂದದ್ದೇ ಅಲ್ಲಿ. ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದು ನಮ್ಮ ಕಡೆ ಪದ್ಧತಿಯಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನಾನು ಅವರೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಇನ್ನೊಂದು ರೊಟ್ಟಿ ಬೇಕೇ ಎಂಬುದನ್ನೂ ಮಗಳ ಬಾಯಿಂದಲೇ ಕೇಳಿಸುತ್ತಿದ್ದೆ. ಪಾಠವೂ ಹಾಗೆಯೇ ನಡೆಯಿತು. ಭಾನುವಾರ ಊರ ಹೊರಗಿನ ಕಣದಲ್ಲಿ ಅವರು ಬೇವಿನ ಮರದ ಕಡೆ ಮುಖ ಮಾಡಿ ಕಲಿಸಿದರು, ನಾನು ತಲೆ ತುಂಬ ಸೆರಗು ಹೊದ್ದು ಬಣವೆಯ ಕಡೆ ಮುಖ ಮಾಡಿ ಕಲಿತೆ. ನಡುವೆ ನಿಮ್ಮವ್ವ.

“ನಿಮ್ಮವ್ವಗ ಹೇಳು, ಎಡಗಡಿ ಕಡ್ಡಿ ಮೆಲ್ಲಕ ಮ್ಯಾಲ ನೂಕಲಿ ಅಂತ.”

“ಯವ್ವಾ, ಎಡಗಡಿ ಕಡ್ಡಿ ಮೆಲ್ಲಕ ಮ್ಯಾಲ ನೂಕು.”

ನೂಕಿದೆ. ಡ್ರೋನ್ ಎದ್ದಿತು.

“ಸಾಕು ಅಂತ ಹೇಳು.”

“ಯವ್ವಾ, ಸಾಕಂತ.”

ಆ ‘ಸಾಕು’ ನನಗೆ ಬಂದು ಮುಟ್ಟುವ ಹೊತ್ತಿಗೆ ಡ್ರೋನ್ ಬೇವಿನ ಮರ ದಾಟಿತ್ತು.

“ಕೈ ಬಿಡು ಅಂತ ಹೇಳು! ಬಿಟ್ರ ಅದ ನಿಂದರ್ತೈತಿ!”

“ಯವ್ವಾ, ಕೈ ಬಿಡಬೇಕಂತ!”

ಬಿಟ್ಟೆ. ರಿಮೋಟ್ ನನ್ನ ಕಾಲ ಮೇಲೆ ಬಿತ್ತು. ಡ್ರೋನ್ ಮಾತ್ರ ನಿಲ್ಲಲಿಲ್ಲ. ಸಂತೆಯಿಂದ ಕುಡಿದು ಬಂದವನ ಹಾಗೆ ಓಲಾಡುತ್ತ ಹೋಗಿ ಯಾರದೋ ತಗಡಿನ ಮನೆಯ ಮೇಲೆ ಢಣ್ಣೆಂದು ಕುಳಿತಿತು. ನಿಮ್ಮಪ್ಪ ಏಣಿ ಹಾಕಿ ಇಳಿಸಿ ತಂದು, ತಿರುವಿ ನೋಡಿ, ಬೇವಿನ ಮರವನ್ನು ಕೇಳಿದರು. “ಇದರ ಹೊಟ್ಟಿಗೆ ಯಾರು ವಿಭೂತಿ ಹಚ್ಚ್ಯಾರ?”

ನಿಮ್ಮವ್ವ ನನ್ನನ್ನು ನೋಡಿದಳು. ಮನೆಗೆ ಹೊಸ ಗಾಡಿ ಬಂದರೆ ಬರೀ ಹಣೆಯಲ್ಲಿ ಬಿಡುತ್ತಾರೆಯೇ? ಪೂಜೆ ಮಾಡಿ, ಮೂರು ಬೆರಳಿನಿಂದ ವಿಭೂತಿ ಎಳೆದಿದ್ದೆ. ಹಣೆ ಯಾವುದೆಂದು ತಿಳಿಯದೆ ಮೇಲೂ ಕೆಳಗೂ ಎಳೆದಿದ್ದೆ. ರೆಕ್ಕೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವವಳಿದ್ದೆ, ನಿಮ್ಮವ್ವ ಬೇಡವೆಂದಳು.

“ಅದರ ಹೊಟ್ಟ್ಯಾಗ ಕಣ್ಣೈತಿ. ನೆಲ ನೋಡ್ಕೋತ ಒಂದ ಕಡಿ ನಿಂದರ್ತೈತಿ,” ಎಂದರು ನಿಮ್ಮಪ್ಪ ಟವೆಲಿನಿಂದ ಒರೆಸುತ್ತ. “ಭಕ್ತಿ ಜಾಸ್ತಿಯಾಗಿ ಅದಕ್ಕ ನೆಲ ಕಾಣವಲ್ದಾಗಿತ್ತು ಅಂತ ನಿಮ್ಮವ್ವಗ ಹೇಳು.”

ಆಮೇಲೆ ಅದು ಗಾಳಿಯಲ್ಲಿ ನಿಲ್ಲತೊಡಗಿತು. ಆದರೆ ನನ್ನ ಕಡೆ ತಿರುಗಿದಾಗ ಎಡಕ್ಕೆ ನೂಕಿದರೆ ಬಲಕ್ಕೆ ಓಡುತ್ತಿತ್ತು. ಎರಡು ವಾರ ಇದೇ ಗೋಳು. ನಿಮ್ಮಪ್ಪ ನೆಲದ ಮೇಲೆ ಬಾಣ ಬರೆದರು, ನಿಮ್ಮವ್ವ ಓದಿ ಹೇಳಿದಳು, ನನ್ನ ತಲೆ ಇನ್ನಷ್ಟು ಕಲಸಿಹೋಯಿತು. ಕೊನೆಗೆ ನನಗೇ ಹೊಳೆಯಿತು, ಇದು ಎತ್ತಿನ ಹಾಗೆ. ಎತ್ತು ಎದುರು ಬಂದರೆ ಅದರ ಎಡ ನನ್ನ ಬಲ. ಅದಕ್ಕೇ ಅಲ್ಲವೇ ಕುಂಟೆ ಹೊಡೆಯುವವರು ಹಿಂದೆ ನಡೆಯುವುದು? ಡ್ರೋನಿನ ಬಾಲ ಯಾವಾಗಲೂ ನನ್ನ ಕಡೆ ಇರುವಂತೆ ನಿಂತೆ. ‘ಬಾ ಬಾ’ ಎಂದು ಬಾಯೊಳಗೇ ಎನ್ನುತ್ತ ಕಣದ ಸುತ್ತ ಮೂರು ಸುತ್ತು ಹೊಡೆಸಿ, ಹೊರಟಲ್ಲೇ ಇಳಿಸಿದೆ. ನಿಮ್ಮಪ್ಪ ಬೇವಿನ ಮರಕ್ಕೆ ಚಪ್ಪಾಳೆ ತಟ್ಟಿದರು.

ತೆನೆ ಹಾಲುಗಟ್ಟಿತು. ಮೊದಲ ದಿನ ಹೊಲದ ಮೇಲೆ ಹಾರಿಸಿದಾಗ ಗುಬ್ಬಿಗಳು ಹೋದ ರಭಸ ನೋಡಿ ನೆಗೆಣ್ಣಿ ಬಾಯಿ ಮುಚ್ಚಿದಳು. ಅದನ್ನು ನೋಡಿದ್ದು ನಾನು ಅದೇ ಮೊದಲು. ಎರಡನೆಯ ದಿನ ಅರ್ಧ ಹೋದವು. ನಾಲ್ಕನೆಯ ದಿನ ನನ್ನ ಡ್ರೋನಿನ ನೆರಳಲ್ಲೇ ಕುಳಿತು ತಿಂದವು.

“ಬಿಸಲಾಗ ಪಾಪ, ಫ್ಯಾನ್ ಹಾಕ್ಯಾಳ ನೋಡ್ರಿ ಗುಬ್ಬಿಗೆ!” ಎಂದಳು ನೆಗೆಣ್ಣಿ. “ಹತ್ತಿ ಬೀಜ ಈಗ ಹೇಳಿಡ್ಲೇನು?”

ಆ ಭಾನುವಾರ ನಿಮ್ಮಪ್ಪನೂ ನಿಮ್ಮವ್ವನೂ ಲಿಂಗಸುಗೂರಿನಿಂದ ನೋಡಲು ಬಂದರು. ತೆನೆಗೆ ತಾಗುವಷ್ಟು ಕೆಳಗೆ ಹಾರಿಸಿದರೆ ಹೆದರುತ್ತವೆ ಎಂದು ಮಗಳ ಮೂಲಕ ಹೇಳಿಸಿ, ಅವರು ಹೊಲದ ಆ ತುದಿಗೆ ಹೋಗಿ ನಿಂತರು. ನಾನು ಈ ತುದಿಯ ಅಟ್ಟದ ಮೇಲೆ. ನಡುವೆ ನಿಂತಿದ್ದ ನಿಮ್ಮವ್ವ ಬಾಯಾರಿ ನೀರು ಕುಡಿಯಲು ಬದುವಿನ ಮರದ ನೆರಳಿಗೆ ಹೋದಳು.

ಆಗಲೇ ಗಾಳಿ ಬಂತು. ಆಗಲೇ ಬ್ಯಾಟರಿಯೂ ಪೀಂ ಪೀಂ ಎಂದಿತು. ಕೆಂಪು ಡ್ರೋನ್ ತೆನೆಗಳ ಮೇಲೆಯೇ ಸರಿಯುತ್ತ ನೆಟ್ಟಗೆ ನಿಮ್ಮಪ್ಪನ ಕಡೆ ಹೊರಟಿತು. ನಾನು ಹಿಂದಕ್ಕೆ ಎಳೆದರೂ ಕೇಳಲಿಲ್ಲ. ಅವರೋ, ನನಗೆ ಬೆನ್ನು ಮಾಡಿ ಒಂದು ತೆನೆಯನ್ನು ಕಣ್ಣಿಗೆ ಹಿಡಿದು ನೋಡುತ್ತಿದ್ದಾರೆ. ನಿಮ್ಮವ್ವನ ಬಾಯಲ್ಲಿ ತಂಬಿಗೆ.

“ಏಏ ಬಗ್ಗಲೇ! ಬಗ್ಗಲೇ ತಮ್ಮಾ! ತಲಿ, ತಲೀ!”

ಅದು ಯಾರ ದನಿ ಎಂದು ನಾನೇ ಹಿಂದೆ ತಿರುಗಿ ನೋಡಿದೆ. ನಿಮ್ಮಪ್ಪ ಬಗ್ಗಿದರು. ಡ್ರೋನ್ ಟೋಪಿಯನ್ನು ಹಾರಿಸಿಕೊಂಡು ಜೋಳದಲ್ಲಿ ಬಿತ್ತು. ಎರಡೆಕರೆಯ ಅಷ್ಟೂ ಗುಬ್ಬಿ ಒಂದೇ ಸಲ ಎದ್ದು, ಒಂದು ಸುತ್ತು ಸುತ್ತಿ, ಗುಡ್ಡದ ಆಚೆ ಹೋಯಿತು.

“ಯಾರಬೇ ಅದು ಕೂಗಿದ್ದು?” ಎಂದು ನೆಗೆಣ್ಣಿ ಬದುವಿನ ಮೇಲೆ ಎದ್ದು ನಿಂತಳು.

ಹದಿನಾಲ್ಕು ವರ್ಷದ ನನ್ನ ಮೊದಲ ಮಾತು, ಅದೂ ‘ಲೇ’! ನಾನು ರಿಮೋಟನ್ನೇ ಮುಖಕ್ಕೆ ಹಿಡಿದು ಅಟ್ಟದ ಮೇಲೆ ಕುಳಿತುಬಿಟ್ಟೆ. ಬಹಳ ಹೊತ್ತಿನ ಮೇಲೆ ಜೋಳದೊಳಗಿಂದ ನಿಮ್ಮಪ್ಪನ ದನಿ ಬಂತು, ಈ ಸಲ ನಡುವೆ ಯಾರೂ ಇಲ್ಲದೆ.

“ಬಗ್ಗೀನ್ರೀ ಅತ್ತಿ. ಇನ್ನ ಏಳ್ಲೇನ್ರೀ?”

ಅಂದಿನಿಂದ ಸೀತನಿಯ ತನಕ ದಿನಾ ಬೆಳಿಗ್ಗೆ ನಾನು ಅಟ್ಟ ಏರಿ ಮೊದಲು ಡ್ರೋನ್ ಹಾರಿಸುತ್ತಿದ್ದೆ. ಅದು ನಿಮ್ಮಪ್ಪನ ತಲೆಗೆ ಬಡಿಯಲು ಹೊರಟಿದೆ ಎಂದು ನೆನೆಸಿಕೊಂಡ ಕೂಡಲೇ ಕೂಗು ತಾನಾಗಿ ಬರುತ್ತಿತ್ತು. ನೀವು ಬಂದಾಗ ಎಷ್ಟು ಸೀತನಿ ತಿಂದಿರಿ, ಯಾರ ಹೊಟ್ಟೆ ಕೆಟ್ಟಿತು ಎಂಬುದನ್ನು ನಾನು ಬರೆಯುವುದಿಲ್ಲ.

ಹತ್ತಿಯ ಮಾತು ಮತ್ತೆ ಬರಲಿಲ್ಲ. ಬಂದದ್ದು ನೆಗೆಣ್ಣಿ. “ನಿನ್ನ ಹೊಲದ ಗುಬ್ಬಿ ಎಲ್ಲಾ ನನ್ನ ಜೋಳಕ್ಕ ಬಂದಾವ. ನಾ ಗಂಟಲ ಹರಕೊಂಡ್ರೂ ಏಳವಲ್ವು, ನನ್ನ ದನಿ ರೂಢಿ ಆಗೇತಿ ಅವಕ್ಕ. ಆ ಡ್ರೋನ್ ನಾಲ್ಕು ದಿನ ಕೊಡು.”

ಬ್ಯಾಟರಿ ತುಂಬಿಸಿ ಕೊಟ್ಟೆ.

“ಹೆಂಗ ಹಾರಸ್ತಿ ಇದನ್ನ?”

“ಸಸಾರ ಐತಕ್ಕಾ,” ಎಂದೆ. “ಮೊದಲು ನಿನ್ನ ಅಳಿಯನ್ನ ಹೊಲದಾಗ ಬೆನ್ನು ಮಾಡಿ ನಿಂದರಸು.”