ಸಿದ್ದೇಶ್ವರನ ಕೆಳಗಿನ ಹೆಸರು

ಅರಕಲಗೂಡಿನ ಮನೆಯಲ್ಲಿ ಐದಕ್ಕೆದ್ದು ಎಂಟು ಜನಕ್ಕೆ ರೊಟ್ಟಿ ತಟ್ಟಿಟ್ಟು, ನೀಲಾಂಬಿಕೆ ಹಾಸನದ ಬಸ್ಸು ಹಿಡಿಯುತ್ತಿದ್ದಳು. ಅಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಕೆಲಸ. ಏನು ಪಾಠವೆಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. 2001ರಲ್ಲಿ ಮಾವ ಪಾಲಾಕ್ಷಪ್ಪನವರಿಗೆ ವಂಶಾವಳಿಯನ್ನು ಕಂಪ್ಯೂಟರಿನಲ್ಲಿ ತೆಗೆಸುವ ಆಸೆ ಹುಟ್ಟಿದಾಗ ಮಾತ್ರ ಸೊಸೆಯ ವಿದ್ಯೆ ನೆನಪಾಯಿತು.

ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಲು ಅವಳು ಕಲಿಸುತ್ತಿದ್ದ 'ಟ್ರೀ' ಕೂಡ ವಂಶಾವಳಿಯಂಥದ್ದೇ. ಬೇರು ಮೇಲೆ, ಕೊಂಬೆಗಳು ಕೆಳಗೆ. ಪ್ರತಿ ಹೆಸರಿಗೂ ಮೇಲೊಂದು ಕೊಂಡಿ. ಕೆಳಗೆ ಯಾರೂ ಇಲ್ಲದ ಹೆಸರು ಎಲೆ. ಹಿಂದಿನ ದಿನವೇ ಹಿಟ್ಟು ರುಬ್ಬಿಟ್ಟು, ಆರು ಭಾನುವಾರ ಲ್ಯಾಬಿನಲ್ಲಿ ಕೂತು ಪ್ರೋಗ್ರಾಂ ಬರೆದಳು. ಅತ್ತೆಯನ್ನು ಕೇಳಿ ಕೇಳಿ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿದಳು. ಗಂಡ ಸಿದ್ದೇಶ್ವರನ ಕೆಳಗೆ ಒಬ್ಬಳೇ ಮಗಳು, ಆರು ವರ್ಷದ ಮಾನಸಾ. ಆ ಹೆಸರು ಅಲ್ಲಿ ನಿಲ್ಲುವುದೇ ಅವಳಿಗೆ ಕೂಲಿ.

"ಎಣ್ಮಕ್ಳ ಎಸ್ರು ಯಾಕವ್ವಾ? ಕೊಟ್ಟ ಮನೇಲಿ ಬರ್ಕೊತಾರೆ, ತೆಗ್ದಾಕು" ಎಂದರು ಮಾವ. "ಮದ್ವೆಯಾಗಿ ಮಕ್ಳಿಲ್ದೋರ ಕೆಳಗೆ 'ಸಂತಾನವಿಲ್ಲ' ಅಂತ ಬರ್ಬೇಕು, ಮರೀಬ್ಯಾಡ."

"ಮಾನಸಾದು ಒಂದಾದ್ರೂ ಇರ್ಲಿ ಮಾವ..."

ಸಿದ್ದೇಶ್ವರ ಪೇಪರಿನಿಂದ ತಲೆಯೆತ್ತಲಿಲ್ಲ. "ಅಪ್ಪ ಏಳ್ದಂಗೆ ಮಾಡೇ. ಮೊದ್ಲು ಕಾಫಿ ತತ್ತಾ."

ಅಳಿಸಲು ಎಲ್ಲಕ್ಕಿಂತ ಸುಲಭ ಎಲೆ ಎಂದು ಅವಳೇ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಮೇಲಿನ ಕೊಂಡಿ ಕತ್ತರಿಸಿದರೆ ಮುಗಿಯಿತು. ಮಾನಸಾಳದೂ ಸೇರಿ ಎಪ್ಪತ್ತೊಂದು ಹೆಸರು ಹೋದವು. ಬರಿದಾದ ಕಡೆಯಲ್ಲೆಲ್ಲ ಪ್ರೋಗ್ರಾಂ ತಾನೇ 'ಸಂತಾನವಿಲ್ಲ' ಎಂದು ಬರೆಯಿತು. ಗಂಡನ ಕೆಳಗೂ ಬರೆಯಿತು. ನೋಡಿದಳು. ತಿದ್ದಲಿಲ್ಲ. ನಾಚಿಕೆಯಾದರೆ ಅವರೇ ಮಗಳ ಹೆಸರು ಹಾಕಿಸುತ್ತಾರೆ ಅಂದುಕೊಂಡಳು.

ರಾಮನಾಥಪುರದ ಛತ್ರದಲ್ಲಿ ಬಂಧುಗಳೆಲ್ಲ ಸೇರಿದರು. ಹೆಂಗಸರು ಇನ್ನೂರು ಜನಕ್ಕೆ ಬಡಿಸುತ್ತಿದ್ದರೆ, ಗಂಡಸರು ವಂಶಾವಳಿ ಅಚ್ಚಾಗಿದ್ದ, ಅಂಚಿಗೆ ತೂತುಗಳಿದ್ದ ಉದ್ದನೆಯ ಪ್ರಿಂಟರ್ ಕಾಗದವನ್ನು ಗೋಡೆಗೆ ಅಂಟಿಸಿ ಓದುತ್ತಿದ್ದರು.

"ಸಿದ್ದೇಶ್ವರ. ಸಂತಾನವಿಲ್ಲ!" ದಾಯಾದಿ ಪುಟ್ಟರಾಜು ಗಹಗಹಿಸಿದ. "ಏನ್ಲಾ ಸಿದ್ದ, ಆ ಕೂಸು ಪಕ್ಕದ್ಮನೇದಾ?"

ಸಿದ್ದೇಶ್ವರ ಅಡುಗೆಮನೆಗೆ ನುಗ್ಗಿದ. "ನನ್ ಮಾನ ತೆಗ್ದಲ್ಲೇ!"

"ನೀವು ಹೇಳ್ದಂಗೇ ಮಾಡಿದ್ದು. ಈಗ್ಲೂ ಪೆನ್ನಲ್ಲಿ ಅವಳ ಹೆಸರು ಬರೀಬೋದು."

ಪೆನ್ನು ಬಂತು. ಪಾಲಾಕ್ಷಪ್ಪನವರು 'ಸಂತಾನವಿಲ್ಲ' ಎಂಬುದನ್ನು ಹೊಡೆದುಹಾಕಿ, ದೊಡ್ಡ ಮಗನ ಎರಡನೇ ಗಂಡುಮಗುವಿನ ಹೆಸರನ್ನು ಅಲ್ಲಿ ಬರೆದರು. "ದತ್ತು ಅಂತ ಆಕಿವ್ನಿ. ಸರೋಯ್ತಲ್ಲ, ಊಟಕ್ಕೇಳಿ."

ಹೊಸದಾಗಿ ಅಕ್ಷರ ಕಲಿತ ಮಾನಸಾ ಗೋಡೆಯ ಮುಂದೆ ನಿಂತು ಒಂದೊಂದೇ ಹೆಸರು ಕೂಡಿಸಿ ಓದುತ್ತಿದ್ದಳು. "ಅಮ್ಮಾ, ನಂದೆಲ್ಲಿ?"

"ಸಾರು ಬರ್ಲಿ!" ಪಂಕ್ತಿಯಿಂದ ಯಾರೋ ಕೂಗಿದರು. ಅಳಿಸಿದವಳು ನಾನೇ ಎಂದು ಹೇಳಲಾರದೆ ನೀಲಾಂಬಿಕೆ ಸೌಟು ಎತ್ತಿಕೊಂಡು ಹೋದಳು.