ಕಬ್ಬಿಣದ ಬಿಲ್ಲೆಯ ಮೇಲಿನ ರುಜು

ನಮ್ಮ ಯಜಮಾನರಿಗೆ ರಿಟೈರ್ ಆದಮೇಲೆ ಹಿಡಿದದ್ದು ಜಪಾನಿನ ಹಳೇ ಕತ್ತಿಗಳ ಹುಚ್ಚು. ಕತ್ತಿಯನ್ನೇ ಕೊಳ್ಳೋ ತಾಕತ್ತಿರಲಿಲ್ಲ, ಬಿಡಿ. ಹಿಡಿಗೂ ಅಲಗಿಗೂ ನಡುವೆ, ಕೈ ಜಾರದ ಹಾಗೆ ಒಂದು ಕಬ್ಬಿಣದ ಬಿಲ್ಲೆ ಕೂರಿಸಿರುತ್ತಾರಲ್ಲ, ಅದನ್ನು ಕೊಳ್ಳುತ್ತಿದ್ದರು. ದೇಶ ಬಿಟ್ಟು ಬಂದು ನಾವಿರೋ ಸ್ಯಾನ್ ರಮೋನಿನಲ್ಲಿ ನಮ್ಮ ಮಂಡ್ಯ, ಹಾಸನದ ಕಡೆಯ ಗಂಡಸರೆಲ್ಲ ಭಾನುವಾರ ಕ್ರಿಕೆಟ್ಟು ಅಂತ ಹೊರಟರೆ, ನಾವಿಬ್ಬರು ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಫ್ರೀವೇ ಹಿಡಿದು ಹಳೇ ಸಾಮಾನಿನ ಸಂತೆಗೆ. "ತುಕ್ಕು ಕಬ್ಬಿಣಕ್ಕೆ ಇಷ್ಟು ದೂರ ಕಾರಿನ ಗ್ಯಾಸು ಸುಡಬೇಕಾ?" ಅಂತ ಗೊಣಗುತ್ತಲೇ ಹೋಗುತ್ತಿದ್ದೆ.

ಗೊಣಗಿದವಳೇ ಕೊನೆಗೆ ಅವರಿಗಿಂತ ಹೆಚ್ಚು ಮುಳುಗಿದೆ. ಬಿಲ್ಲೆಯ ನಡುವಿನ ತೂತಿನ ಪಕ್ಕ, ಮಾಡಿದವನು ಉಳಿಯಿಂದ ತನ್ನ ರುಜು ಕೆತ್ತಿರುತ್ತಾನೆ. ನೆಟ್ಟಗೆ ಕೆತ್ತಿದ್ದರೆ ಪುಸ್ತಕ ನೋಡಿ ಓದಬಹುದು. ಕೆಲವರು ಕೂಡುಬರಹದಲ್ಲಿ ಎಳೆದುಬಿಡುತ್ತಾರೆ, ಡಾಕ್ಟರ ಚೀಟಿಯೇ ವಾಸಿ! ಲೈಬ್ರರಿಯಲ್ಲಿ ಜಪಾನಿ ಬರವಣಿಗೆ ಕಲಿಸುತ್ತಿದ್ದ ಅಜ್ಜಿಯೊಬ್ಬರು ದಾರಿ ತೋರಿಸಿದರು: ಅಕ್ಷರ ನೋಡಬೇಡಿ, ಕೈ ಎಲ್ಲಿಂದ ಹೊರಟಿತು, ಎಲ್ಲಿ ಮೇಲೆದ್ದಿತು, ಅದನ್ನು ನೀವೂ ಬರೆದು ನೋಡಿ. ಅಂದಿನಿಂದ ಯಜಮಾನರಿಗೆ ಬೆರಳಲ್ಲಿ ಬರೆದು ನೋಡೋಕೆ ನನ್ನ ಅಂಗೈಯೇ ಆಗಬೇಕು. ಸಾರಿಗೆ ಒಗ್ಗರಣೆ ಹಾಕುವಾಗಲೂ "ಕೈ ಕೊಡೇ ಇಲ್ಲಿ" ಅನ್ನೋರು. ಕಚಗುಳಿಯಾಗಿ ನಾನು ಬೈಯೋದು, ಅವರು ನಗೋದು. ಎಷ್ಟು ಚೆನ್ನಾಗಿದ್ದವಪ್ಪ ಆ ದಿನಗಳು!

ಕೊನೆಗೆ ತಂದ ಬಿಲ್ಲೆ ಮಾತ್ರ ಇಬ್ಬರನ್ನೂ ಸೋಲಿಸಿತು. ಎರಡನೇ ಅಕ್ಷರಕ್ಕೆ ಬಂದರೆ ಮುಗ್ಗರಿಸುತ್ತಿದ್ದೆವು. ಅದನ್ನು ಓದುವ ಮೊದಲೇ ಇವರಿಗೆ ಸ್ಟ್ರೋಕ್ ಆಯಿತು.

ಬಲಗೈ ಹೋಯಿತು, ಮಾತು ಹೋಯಿತು. ಥೆರಪಿಯ ಹುಡುಗಿ ಬೆಕ್ಕು, ಲೋಟ, ಕುರ್ಚಿಯ ಚಿತ್ರ ತೋರಿಸಿದರೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಎಷ್ಟು ಅರ್ಥವಾಗುತ್ತಿದೆಯೋ ಹೇಳೋಕಾಗಲ್ಲ ಅಂದರು ಡಾಕ್ಟರು. ಮನುಷ್ಯ ಒಳಗಿದ್ದಾರೋ ಇಲ್ಲವೋ ಗೊತ್ತಿಲ್ಲದೆ ಪಕ್ಕದಲ್ಲಿ ಕೂರೋದಿದೆಯಲ್ಲ, ಶತ್ರುವಿಗೂ ಬೇಡ.

ಒಂದು ಮಧ್ಯಾಹ್ನ ರೋಸಿಹೋಗಿ ಆ ಬಿಲ್ಲೆಯನ್ನು ಆಸ್ಪತ್ರೆಗೇ ತಂದು ಅವರ ತೊಡೆ ಮೇಲಿಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈ ಬೆರಳು ನನ್ನ ಅಂಗೈ ಮೇಲೆ ಹರಿಯಿತು, ನಿಂತಿತು, ಮತ್ತೆ ಹರಿಯಿತು. ತುಟಿ ಅಲುಗಿ ಒಂದು ಶಬ್ದ ಹೊರಟಿತು. ಥೆರಪಿಯ ಹುಡುಗಿ, ಪಾಪ, ಅರ್ಥವಿಲ್ಲದ ತೊದಲು ಅಂದುಕೊಂಡು ಅವರ ಬೆನ್ನು ಸವರಿದಳು. ನಾನು ಬಿಲ್ಲೆ ಎತ್ತಿ ಕಿಟಕಿ ಬೆಳಕಿಗೆ ಹಿಡಿದೆ. ನಾವು ಒಂದೇ ಅಂದುಕೊಂಡಿದ್ದದ್ದು ಎರಡು ಅಕ್ಷರ. ಕೆತ್ತಿದ ಪುಣ್ಯಾತ್ಮ ಕೈ ಎತ್ತದೆ ಕೂಡಿಸಿ ಎಳೆದಿದ್ದ. ಇವರು ಹೇಳಿದ್ದು ಆ ಹೆಸರನ್ನೇ. ಕೇಳಿದ ಮೇಲೆ ಬೇರೆ ಥರ ಓದೋಕೇ ಆಗಲಿಲ್ಲ.

"ಅಲ್ರೀ, ಕಟ್ಟಿಕೊಂಡ ಹೆಂಡತೀನ ಕರೀಲಿಲ್ಲ, ಯಾವ ಕಾಲದಲ್ಲೋ ಸತ್ತ ಕಮ್ಮಾರನ ಹೆಸರು ಹೇಳ್ತೀರಲ್ಲ!" ಅಂತ ಬೈದೆ. ಬೈಯುತ್ತಾ ಬೈಯುತ್ತಾ ಅಳು ಬಂತು. ಅವರ ಬಾಯಿಯ ಒಂದು ಬದಿ ನಕ್ಕಿತು.

ಕಾರಿಡಾರಿಗೆ ಓಡಿ, ರೆಡ್‌ವುಡ್ ಸಿಟಿಯ ಆಫೀಸಿನಲ್ಲಿದ್ದ ಮಗಳಿಗೆ ಫೋನ್ ಮಾಡಿದೆ. "ನಿಮ್ಮಪ್ಪ ಒಳಗೇ ಇದ್ದಾರೆ ಕಣೇ," ಅಂದೆ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವತ್ತು ಕನ್ನಡದಲ್ಲೇ ಮಾತಾಡಿದಳು.

"ಈಗಲೇ ಬರ್ತೀನಮ್ಮ," ಅಂದಳು. "ಅಪ್ಪಂಗೆ ಹೇಳು."