ಸುಟ್ಟ ಬೆರಳಿನ ಸಂದರ್ಶನ

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸೋ ಒಲೆಗಳಲ್ಲಿ ಸೌದೆಯ ಖರ್ಚನ್ನು ಅರ್ಧಕ್ಕಿಳಿಸಿದ ಸಂಶೋಧಕ ನಾನೇ. ಸುಳ್ಳು ಕಣಪ್ಪ. ಅಂಥದ್ದೊಂದು ಒಲೆಯ ಸಂಶೋಧನೆಗೆ ಯೂನಿವರ್ಸಿಟಿಯವರು ಸಹಾಯಕರನ್ನು ಕರೆದಿದ್ದರು, ಐವತ್ತು ದಾಟಿದ ನಾನೂ ಸಂದರ್ಶನಕ್ಕೆ ಹೋಗಿದ್ದೆ, ಅಷ್ಟೆ.

ಇದ್ದದ್ದು ಒಂದೇ ಕೆಲಸ. ಬಂದವರು ಇಬ್ಬರು: ನಾನು, ಮತ್ತೆ ರೇಷ್ಮೆ ನೂಲು ತೆಗೆಯೋರ ಮನೆಯ ಹುಡುಗಿ ನಸೀಮಾ. ಎಂಜಿನಿಯರಿಂಗ್ ಓದಿದವಳು.

"ಗೂಡು ಬೇಯಿಸಿದ ಅನುಭವ ಇದೆಯಾ?" ಪ್ರೊಫೆಸರಮ್ಮ ನನ್ನನ್ನು ಕೇಳಿದರು.

"ಹತ್ತು ವರ್ಷ ಮೇಡಂ. ಥರ್ಮಾಮೀಟರ್ ಯಾಕೆ, ನೀರಿನ ಬಿಸಿ ಬೆರಳಲ್ಲೇ ಹೇಳ್ತೀನಿ."

ಅವರು ಗೂಡು ಕುದಿಯುತ್ತಿದ್ದ ಬಾಣಲೆ ತೋರಿಸಿದರು. ಆಡಿದ ಮಾತಿಗೆ ಬೆರಳು ಅದ್ದಲೇಬೇಕಾಯಿತು. ನನ್ನ ಬಾಯಿಂದ ಬಂದದ್ದು ಡಿಗ್ರಿಯಲ್ಲ, ನಮ್ಮಜ್ಜಿಯ ಹೆಸರು.

ನಸೀಮಾ ಪಕ್ಕದ ತಣ್ಣೀರಿನ ಬಟ್ಟಲಲ್ಲಿ ಬೆರಳದ್ದಿಕೊಂಡು, ಬಾಣಲೆಯಿಂದ ಚಕ್ಕನೆ ಒಂದು ಗೂಡು ಎತ್ತಿ, ಎಳೆ ಬಿಚ್ಚಿ ನೋಡಿದಳು. "ಇನ್ನೂ ಬೆಂದಿಲ್ಲ ಮೇಡಂ," ಅಂದವಳು ನನ್ನ ಕಡೆ ತಿರುಗಿ, "ಅಂಕಲ್, ಮೊದಲು ತಣ್ಣೀರಲ್ಲಿ ಅದ್ದಬೇಕು. ಹತ್ತು ವರ್ಷ ಎಲ್ಲಿ ಬೇಯಿಸಿದ್ರಿ?" ಅಂದಳು.

ಕೆಲಸ ಅವಳಿಗೆ ಸಿಕ್ಕಿತು, ಬೊಬ್ಬೆ ನನಗೆ. ಆರು ತಿಂಗಳಾಯ್ತು, ಈ ಕೈ ಇನ್ನೂ ಜೇಬಿಗೆ ಹೋಗ್ತಿಲ್ಲ. ನನ್ನ ಟೀ ದುಡ್ಡು ನೀನೇ ಕೊಟ್ಬಿಡಪ್ಪ.